ಗಿಡ ಮೊದಲು, ಹೆಸರು ಆಮೇಲೆ

ಡೊಂಬಿವಲಿ, ಕಲ್ಯಾಣದಲ್ಲಿ ಮನೆ ಮಾಡ್ಕೊಂಡು ಐರೋಲಿ ಕಡೆ ಐಟಿ ಕೆಲಸಕ್ಕೆ ಓಡಾಡೋ ನಮ್ಮವರದ್ದು ಒಂದು ಚಿಂತೆ ಇದೆ. ಹೈಸ್ಕೂಲು ಮಕ್ಕಳಿಗೆ ಗಣಿತ ನಾವೇ ಹೇಳಿಕೊಡಬಹುದು, ಬಯಾಲಜಿಗೆ ಏನು ಮಾಡೋದು? ಟ್ಯೂಷನ್‌ಗೆ ಹಾಕಿದ್ರೂ ಬಾಯಿಪಾಠವೇ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಮರೆತುಹೋಗಿರುತ್ತೆ.

ಇದಕ್ಕೆ ಉತ್ತರ ಹುಡುಕೋಕೆ ಸ್ವಲ್ಪ ಹಿಂದಕ್ಕೆ, ಮದ್ರಾಸಿಗೆ ಹೋಗೋಣ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು ಬಿ.ಜಿ.ಎಲ್. ಸ್ವಾಮಿ (1918–1980), ಡಿ.ವಿ.ಜಿ. ಅವರ ಮಗ. ನಮ್ಮ ಹಾಗೇ ಊರು ಬಿಟ್ಟು ದುಡಿದ ಕನ್ನಡಿಗರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ, ಗಿಡ ತೋರಿಸಿ ಪಾಠ ಮಾಡಿದರು. ಆ ಪ್ರವಾಸಗಳನ್ನು ಕನ್ನಡದಲ್ಲಿ ಬರೆದರು, ಚಿತ್ರಗಳನ್ನೂ ತಾವೇ ಬಿಡಿಸಿದರು. ಅದೇ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲೂ ಲ್ಯಾಟಿನ್ ಹೆಸರುಗಳಿವೆ. ಆದರೆ ಭಾರ ಅನ್ನಿಸೋದಿಲ್ಲ. ಯಾಕಂದ್ರೆ ಅಷ್ಟರಲ್ಲಿ ಗಿಡದ ಪರಿಚಯ ಆಗಿರುತ್ತೆ. ನಮ್ಮ ಮಕ್ಕಳ ಪಾಠದಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಇಲ್ಲಿ ಕಾಡೆಲ್ಲಿದೆ ಅಂತೀರಾ? ನಮ್ಮ ಪಕ್ಕದಲ್ಲೇ ಠಾಣೆ ಕ್ರೀಕ್ ಇದೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರಕ್ಕೆ ಒಂದು ಭಾನುವಾರ ಮಕ್ಕಳನ್ನು ಕರ್ಕೊಂಡು ಹೋಗಿ. ಅಲ್ಲಿನ ಕಾಂಡ್ಲಾ ಕಾಡಿನಲ್ಲಿ ಹೆಚ್ಚಾಗಿ ಕಾಣೋದು ಅವಿಸೆನಿಯಾ ಮರ. ನೀರು ಇಳಿದಾಗ ಕೆಸರಿನಿಂದ ಅದರ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದಿರುತ್ತವೆ. ಯಾಕೆ? ಬೇರಿಗೂ ಆಮ್ಲಜನಕ ಬೇಕು, ಆ ಕೆಸರಿನಲ್ಲಿ ಅದು ಸಾಕಷ್ಟಿಲ್ಲ. ಎಲೆ ಮೇಲೆ ಉಪ್ಪಿನ ಹರಳು ಯಾಕೆ? ಒಳಗೆ ಬಂದ ಹೆಚ್ಚಿನ ಉಪ್ಪನ್ನು ಮರ ಹೊರಗೆ ಹಾಕುತ್ತೆ. ಉಸಿರಾಟ, ವಿಸರ್ಜನೆ – ಎರಡು ಪಾಠ ಒಂದೇ ಮರದಲ್ಲಿ!

ಹಾಗಂತ ಹೆಸರು ಬೇಡ ಅಂತಲ್ಲ, ಬೋರ್ಡ್ ಪರೀಕ್ಷೆಗೆ ಬೇಕೇ ಬೇಕು. ಮನೆಗೆ ಬಂದ ಮೇಲೆ ಪುಸ್ತಕ ಮುಚ್ಚಿಸಿ, ನೆನಪಿನಿಂದ ಚಿತ್ರ ಬರೆದು ಭಾಗಗಳ ಹೆಸರು ಗುರುತಿಸೋಕೆ ಹೇಳಿ. ತಪ್ಪಿದ್ದನ್ನು ಪುಸ್ತಕ ನೋಡಿ ಅವರೇ ತಿದ್ದಲಿ. ವಾರ ಬಿಟ್ಟು ಮತ್ತೆ ಬರೆಸಿ. ಆಮೇಲೆ ಕನ್ನಡದಲ್ಲಿ ‘ಯಾಕೆ’ ಅಂತ ಕೇಳಿ. ನಮಗೆ ಬಯಾಲಜಿ ಬರದೇ ಇರೋದೇ ಇಲ್ಲಿ ಅನುಕೂಲ, ನಮಗೆ ಅರ್ಥವಾಗೋ ಹಾಗೆ ಹೇಳಬೇಕಾದ್ರೆ ಅವರಿಗೆ ಮೊದಲು ಅರ್ಥ ಆಗಿರಬೇಕಲ್ಲ! ಟ್ಯೂಷನ್ ಮೇಷ್ಟ್ರನ್ನೂ ಇಷ್ಟೇ ಕೇಳಿ: ನೀವು ಎಷ್ಟು ನೋಟ್ಸ್ ಕೊಡ್ತೀರಿ ಅಂತಲ್ಲ, ಮಗುವಿನ ಕೈಲಿ ಎಷ್ಟು ಮಾತಾಡಿಸ್ತೀರಿ ಅಂತ.

ಮತ್ತೆ ಸಿಗೋಣ.