ಎರಡು ಅಂಕಿಗಳ ಉಳಿತಾಯ

15-8-47 ಎಂದು ಬರೆದರೆ ಯಾವ ಶತಮಾನವೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಗಣಕಯಂತ್ರಕ್ಕೆ ಈ ಲೋಕಜ್ಞಾನವಿಲ್ಲ. ಬರೆದಿಟ್ಟಷ್ಟೇ ಅದಕ್ಕೆ ಗೊತ್ತು. ಎಷ್ಟು ಬರೆದಿಡಬಹುದು ಎಂಬುದನ್ನು ಬಹುಕಾಲ ನಿರ್ಧರಿಸಿದ್ದು ಒಂದು ರಟ್ಟಿನ ಕಾರ್ಡು.

ಅಮೆರಿಕದ 1880ರ ಜನಗಣತಿಯ ಲೆಕ್ಕ ಮುಗಿಯಲು ಏಳೆಂಟು ವರ್ಷ ಹಿಡಿದಿತ್ತು. 1890ರ ಗಣತಿಗೆ ಹರ್ಮನ್ ಹಾಲೆರಿತ್ ಎಂಬ ಎಂಜಿನಿಯರರು ತಲೆಗೊಂದು ಕಾರ್ಡು ಮಾಡಿ, ವಯಸ್ಸು, ಲಿಂಗ, ಉದ್ಯೋಗಗಳನ್ನು ಗೊತ್ತಾದ ಜಾಗಗಳಲ್ಲಿ ರಂಧ್ರಗಳಾಗಿ ಗುರುತಿಸುವ ಏರ್ಪಾಡು ತಂದರು. ರಂಧ್ರದ ಮೂಲಕ ಲೋಹದ ಸೂಜಿ ಇಳಿದು ಪಾದರಸವನ್ನು ಮುಟ್ಟಿದರೆ ವಿದ್ಯುತ್ ಹರಿದು ಎಣಿಕೆಯ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. ರಂಧ್ರಗಳೆಲ್ಲ ಒಂದೇ ಬಗೆ. ಜಾಗ ಬದಲಾದರೆ ಅರ್ಥ ಬೇರೆ.

1928ರಲ್ಲಿ ಐಬಿಎಂ ಕಂಪನಿ 80 ಕಂಬಸಾಲುಗಳ ಕಾರ್ಡು ತಂದಿತು. ಸಾಲಿಗೊಂದು ಅಕ್ಷರ ಅಥವಾ ಅಂಕಿ. ಹೆಸರಿಗೆ 20, ವಿಳಾಸಕ್ಕೆ 30 ಎಂದು ಹಂಚುತ್ತ ಹೋದರೆ ಉಳಿಯುವುದೆಷ್ಟು? ಇಸವಿಯಲ್ಲಿ '19' ಬಿಟ್ಟರೆ ಎರಡು ಸಾಲು ಉಳಿತಾಯ. ಇದನ್ನು ಸೋಮಾರಿತನವೆಂದರೆ ಅನ್ಯಾಯವಾದೀತು. 1956ರಲ್ಲಿ ಅದೇ ಕಂಪನಿ ತಂದ ರಾಮ್ಯಾಕ್ ಎಂಬ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಮೊಬೈಲಿನ ಒಂದು ಫೋಟೋಗೆ ಅಷ್ಟು ಜಾಗ ಬೇಕಾದೀತು.

ಕಾರ್ಡಿನಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ ಮಾಹಿತಿ ಸಾಗಿತು. ಅದರ ಜೊತೆ ಎರಡಂಕಿಯ ಇಸವಿಯೂ ಸಾಗಿತು. 1971ರಲ್ಲಿ ಬಾಬ್ ಬೆಮರ್ ಇದರ ಅಪಾಯವನ್ನು ಬರೆದು ಎಚ್ಚರಿಸಿದರು, ಕಿವಿಗೊಟ್ಟವರು ಕಡಿಮೆ. 99ರ ನಂತರ ಬರುವ 00 ಯಂತ್ರದ ಕಣ್ಣಿಗೆ ಚಿಕ್ಕ ಸಂಖ್ಯೆ. 1960ರಲ್ಲಿ ಹುಟ್ಟಿದವರ ವಯಸ್ಸು 2000ದಲ್ಲಿ ಎಷ್ಟು? ಸೊನ್ನೆಯಿಂದ 60 ಕಳೆಯಿರಿ!

1990ರ ದಶಕದ ಕೊನೆಯಲ್ಲಿ ಜಗತ್ತಿನಾದ್ಯಂತ ದುರಸ್ತಿ ನಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ತರುಣ ಎಂಜಿನಿಯರರು, ತಾವು ಹುಟ್ಟುವ ಮೊದಲೇ ಯಾರೋ ಬರೆದಿಟ್ಟ ಕೋಬಾಲ್ ಸಾಲುಗಳನ್ನು ಒಂದೊಂದಾಗಿ ತಡಕಿದರು. ಇಸವಿಯನ್ನು ನಾಲ್ಕಂಕಿಗೆ ಹಿಗ್ಗಿಸಬೇಕಾದರೆ ಇಡೀ ಕಡತವನ್ನೇ ಹೊಸದಾಗಿ ಜೋಡಿಸಬೇಕು. ಅದರ ಬದಲು, ಸಣ್ಣ ಸಂಖ್ಯೆ ಬಂದರೆ 20, ದೊಡ್ಡದು ಬಂದರೆ 19 ಎಂದು ತಿಳಿಯುವ ನಿಯಮವನ್ನು ಸೇರಿಸುವುದು ಅಗ್ಗ. ಅನೇಕರು ಅದನ್ನೇ ಆರಿಸಿದರು.

2000ದ ಜನವರಿ 1 ಸಣ್ಣಪುಟ್ಟ ತೊಡಕುಗಳೊಂದಿಗೆ ಕಳೆಯಿತು. ಗದ್ದಲವೆಲ್ಲ ಸುಳ್ಳೆಂದು ನಕ್ಕವರುಂಟು. ಕೆರೆಯ ಏರಿ ಭದ್ರಪಡಿಸಿದ ಮೇಲೆ ಅದು ಒಡೆಯಲಿಲ್ಲವೆಂದು ನಕ್ಕ ಹಾಗೆ.

ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುವ ಇನ್ನೊಂದು ಪದ್ಧತಿಯಿದೆ. ಆ ಎಣಿಕೆಗೆ 32 ಬಿಟ್‌ಗಳ ಜಾಗ ಮಾತ್ರ ಕೊಟ್ಟಿರುವ ಹಳೆಯ ವ್ಯವಸ್ಥೆಗಳಲ್ಲಿ 2038ರ ಜನವರಿ 19ರಂದು ಆ ಜಾಗ ತುಂಬಿಹೋಗುತ್ತದೆ.