ಬಾಡಿದ ಪೈರು ತೋರಿಸಿದ ಪಟ್ಟಣ

ಮಳೆ ಕೈಕೊಟ್ಟ ವರ್ಷ ಬದುವಿನ ಮೇಲೆ ನಿಂತು ಹೊಲ ನೋಡಿದ್ದೀರಲ್ಲವೇ? ಒಂದೇ ದಿನ ಬಿತ್ತಿದ್ದರೂ ಪೈರು ಒಂದೇ ಸಮ ಬಾಡುವುದಿಲ್ಲ. ಅಡಿಯಲ್ಲಿ ಬಂಡೆಯಿದ್ದಲ್ಲಿ ಮೊದಲು ಹಳದಿಯಾಗುತ್ತದೆ. ಹಳೆಯ ಹಳ್ಳ ಮುಚ್ಚಿಹೋದಲ್ಲಿ ಹಸಿರು ಇನ್ನೂ ನಾಲ್ಕು ದಿನ ನಿಲ್ಲುತ್ತದೆ. ರೈತರಿಗೆಲ್ಲ ಗೊತ್ತಿರುವ ಈ ಸಂಗತಿಯೇ ಇಟಲಿಯಲ್ಲಿ ಒಂದು ಪಟ್ಟಣದ ನಕಾಶೆಯನ್ನು ಬಿಡಿಸಿಕೊಟ್ಟಿತು. ಅದಕ್ಕೆ ಗುದ್ದಲಿ ಹಿಡಿಯಬೇಕಾಗಲಿಲ್ಲ.

ಪಟ್ಟಣದ ಹೆಸರು ಆಲ್ಟಿನಂ. ವೆನಿಸ್ ಬಳಿಯ ಹಿನ್ನೀರಿನ ದಂಡೆಯಲ್ಲಿ, ರೋಮನ್ನರ ಕಾಲದಲ್ಲಿ ಮೆರೆದ ಊರು. ಕುರಿ ಸಾಕುವವರು ಈ ಮಾತು ಕೇಳಬೇಕು: ಒಳ್ಳೆಯ ಉಣ್ಣೆಯ ಸೀಮೆಗಳನ್ನು ಎಣಿಸುವಾಗ ಮಾರ್ಷಿಯಲ್ ಎಂಬ ಲ್ಯಾಟಿನ್ ಕವಿ ಆಲ್ಟಿನಂಗೆ ಮೂರನೆಯ ಸ್ಥಾನ ಕೊಟ್ಟಿದ್ದಾನೆ. 452ರಲ್ಲಿ ಹೂಣರ ಅಟಿಲನ ದಾಳಿಯಾಯಿತು. ಬರಬರುತ್ತಾ ಜನ ಹಿನ್ನೀರಿನ ನಡುಗಡ್ಡೆಗಳಿಗೆ ಗುಳೆ ಹೋದರು. ಹಳೆಯ ಊರಿನ ಕಲ್ಲು, ಇಟ್ಟಿಗೆಗಳೂ ಅವರ ಹಿಂದೆಯೇ ಹೋಗಿ ಟೊರ್ಚೆಲ್ಲೊ ದ್ವೀಪದ, ವೆನಿಸ್ಸಿನ ಕಟ್ಟಡಗಳನ್ನು ಸೇರಿದವು. ಆಲ್ಟಿನಂ ಹೊಲವಾಯಿತು. ಅದರ ಮೇಲೆ ಮತ್ತೊಂದು ನಗರ ಏಳಲಿಲ್ಲ.

2007ರ ಜುಲೈಯಲ್ಲಿ ಅಲ್ಲಿ ಭಾರಿ ಬರ. ಮೆಕ್ಕೆಜೋಳ, ಸೋಯಾ ಬಾಡುತ್ತಿದ್ದವು. ಆಗ ವಿಮಾನದಿಂದ ತೆಗೆದ ಚಿತ್ರಗಳನ್ನು ಪಡುವಾ ವಿಶ್ವವಿದ್ಯಾನಿಲಯದ ಸಂಶೋಧಕರು ಪರಿಶೀಲಿಸಿದರು. ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಆ ಚಿತ್ರಗಳು ಹಿಡಿದಿದ್ದವು. ನೀರುಂಡ ಎಲೆ ಆ ಬೆಳಕನ್ನು ಹೆಚ್ಚು ಹಿಂದಿರುಗಿಸುತ್ತದೆ, ಬಾಯಾರಿದ ಎಲೆ ಕಡಿಮೆ. ಗೋಡೆಯ ಬುಡ ಉಳಿದಲ್ಲಿ ಮಣ್ಣು ತೆಳು, ಪೈರು ಸೊರಗಿದೆ. ಹೂಳು ತುಂಬಿದ ಕಾಲುವೆಯ ಮೇಲೆ ತೇವ, ಪೈರು ಸೊಂಪಾಗಿದೆ. ಹೀಗೆ ಗೆರೆಗೆರೆಯಾಗಿ ಬೀದಿಗಳು, ಕೋಟೆಗೋಡೆ, ಸಾರ್ವಜನಿಕ ಚೌಕ, ರಂಗಮಂದಿರ, ಊರನ್ನು ಹಾದುಹೋಗುವ ದೊಡ್ಡ ಕಾಲುವೆ ಎಲ್ಲವೂ ಮೂಡಿದವು. 2009ರಲ್ಲಿ ಆ ನಕಾಶೆ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು.

ಇವುಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಕಾಲುವೆ. ದಿಕ್ಕುಗೆಟ್ಟು ನಡುಗಡ್ಡೆ ಸೇರಿದ ಮೇಲೆಯೇ ವೆನಿಸ್ಸಿನವರು ನೀರಿನ ನಡುವೆ ಊರು ಕಟ್ಟಲು ಕಲಿತರೆಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಆದರೆ ಆಲ್ಟಿನಂ ಜನ ಎಷ್ಟೋ ಮೊದಲೇ ಕಾಲುವೆಯಿಟ್ಟುಕೊಂಡು ಹಿನ್ನೀರಿನೊಡನೆ ಬಾಳಿದ್ದರು. ನೆಲ ಬಿಟ್ಟು ಹೊರಟವರ ಜೊತೆ ಆ ವಿದ್ಯೆಯೂ ಹೊರಟಿತೆಂದು ತಿಳಿಯಲು ಅಡ್ಡಿಯಿಲ್ಲ.

ಅಗೆದರೆ ಇನ್ನೂ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ತಿಳಿಯುತ್ತದೆ. ಯಾವ ಗೋಡೆ ಯಾವ ಕಾಲದ್ದೆಂದು ಚಿತ್ರವೊಂದೇ ಹೇಳಲಾರದು. ಆದರೆ ಒಮ್ಮೆ ಅಗೆದ ಪದರವನ್ನು ಮತ್ತೆ ಇದ್ದಂತೆ ಜೋಡಿಸಲಾಗದು. ಎಲ್ಲಿ ಅಗೆಯಬೇಕೆಂಬುದು ಮೊದಲೇ ಗೊತ್ತಿದ್ದರೆ ಕೆಲವೇ ಗುಂಡಿಗಳು ಸಾಕು. ಉಳಿದ ನೆಲದಲ್ಲಿ ಬೇಸಾಯ ನಡೆಯಬಹುದು.