ನೀಲಿ ಹೂವೆಲ್ಲ ನೀಲಕುರಿಂಜಿಯಲ್ಲ: ಪುಣೆ ಬೆಟ್ಟಗಳ ಕಾರ್ವಿ ಗುರುತಿಸುವುದು ಹೇಗೆ?

ಪುಣೆ: ಮಳೆಗಾಲ ಮುಗಿಯುವ ಹೊತ್ತಿಗೆ ಸಿಂಹಗಡ, ಭೀಮಾಶಂಕರ ಅಥವಾ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋದವರು ನೀಲಿ ಹೂವಿನ ಫೋಟೊ ಹಾಕಿ ‘12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ’ ಎಂದು ಬರೆಯುವುದುಂಟು. ಆದರೆ ಇಲ್ಲಿ ಕಾಣುವುದು ಸಾಮಾನ್ಯವಾಗಿ ಅದರ ದಾಯಾದಿ ಕಾರ್ವಿ. ಇವೆಲ್ಲ ಸ್ಟ್ರೊಬಿಲಾಂಥಸ್ ಕುಲದ ಗಿಡಗಳು. ನಮ್ಮ ಕನಕಾಂಬರ, ಆಡುಸೋಗೆಯ ಕುಟುಂಬಕ್ಕೇ ಸೇರಿದವು. ಹೂವಿನ ಬಣ್ಣ ನೋಡಿದರೆ ಮೋಸ ಹೋಗುತ್ತೀರಿ. ಗಿಡದ ಎತ್ತರ, ಎಲೆ ಮತ್ತು ಜಾಗ ನೋಡಿ.

ಕಾರ್ವಿ (ಸ್ಟ್ರೊಬಿಲಾಂಥಸ್ ಕ್ಯಾಲೋಸಾ)
ಆಳೆತ್ತರಕ್ಕೂ ಮೀರಿ ಬೆಳೆಯುವ ಪೊದೆ. ಬೆಟ್ಟದ ಇಳಿಜಾರಿನಲ್ಲಿ ಒತ್ತೊತ್ತಾಗಿರುತ್ತದೆ. ಎಲೆ ದೊಡ್ಡದು, ಒರಟು, ಅಂಚು ಗರಗಸದಂತೆ. ಗಟ್ಟಿಯಾದ ನೇರ ಕೋಲುಗಳನ್ನು ಹೆಣೆದು, ಮಣ್ಣು ಮೆತ್ತಿ ಗುಡಿಸಲಿನ ಗೋಡೆ ಮಾಡುವ ರೂಢಿ ಸಹ್ಯಾದ್ರಿಯ ಹಳ್ಳಿಗಳಲ್ಲಿದೆ. ಸಾಮಾನ್ಯವಾಗಿ 8 ವರ್ಷಕ್ಕೊಮ್ಮೆ ಅರಳುತ್ತದೆ. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2008, 2016 ಮತ್ತು 2024ರಲ್ಲಿ ಅರಳಿತ್ತು.

ಟೋಪ್ಲಿ ಕಾರ್ವಿ (ಸ್ಟ್ರೊಬಿಲಾಂಥಸ್ ಸೆಸಿಲಿಸ್)
ಮರಾಠಿಯಲ್ಲಿ ‘ಟೋಪ್ಲಿ’ ಎಂದರೆ ಬುಟ್ಟಿ. ಬಯಲಿನಲ್ಲಿ ಬುಟ್ಟಿ ಕವುಚಿಟ್ಟಂತೆ ದುಂಡಗೆ ಕಾಣುವ ಗಿಡ್ಡ ಗಿಡವಿದು. ಚಿಕ್ಕ ಎಲೆಗಳು ತೊಟ್ಟಿಲ್ಲದೆ ನೇರವಾಗಿ ಕಾಂಡಕ್ಕೆ ಅಂಟಿರುತ್ತವೆ. ಕಾಸ್‌ನಂಥ ಪ್ರಸ್ಥಭೂಮಿಯ ಮೇಲೆ ಹೆಚ್ಚು. ಸುಮಾರು 7 ವರ್ಷಕ್ಕೊಮ್ಮೆ ಹೂ ಬಿಡುತ್ತದೆ.

ನೀಲಕುರಿಂಜಿ (ಸ್ಟ್ರೊಬಿಲಾಂಥಸ್ ಕುಂತಿಯಾನಾ)
ಕನ್ನಡದಲ್ಲಿ ಗುರಿಗೆ ಎಂಬ ಹೆಸರೂ ಇದೆ. ಇದರ ಮುಖ್ಯ ನೆಲೆ ದಕ್ಷಿಣದ ಎತ್ತರದ ಹುಲ್ಲುಗಾವಲುಗಳು: ನೀಲಗಿರಿ, ಮುನ್ನಾರ್, ನಮ್ಮ ಬಾಬಾಬುಡನ್‌ಗಿರಿ. ಸಾಮಾನ್ಯವಾಗಿ ಮೊಣಕಾಲೆತ್ತರದ ಗಿಡ. ಎಲೆಗೆ ತೊಟ್ಟಿರುತ್ತದೆ, ಅಡಿಭಾಗ ಬಿಳಿಚಾಗಿರುತ್ತದೆ. 12 ವರ್ಷದ ಲೆಕ್ಕ ಇದಕ್ಕೆ ಮಾತ್ರ ಹೊಂದುತ್ತದೆ. ಮುನ್ನಾರ್‌ನಲ್ಲಿ 2006 ಮತ್ತು 2018ರಲ್ಲಿ ಅರಳಿತ್ತು.

ಹೆಸರು ತಪ್ಪಿದರೆ ಏನಾಗುತ್ತದೆ?
ಮುಂದಿನ ಹೂವಿನ ವರ್ಷದ ಲೆಕ್ಕವೇ ತಪ್ಪುತ್ತದೆ. ‘12 ವರ್ಷ’ ಎಂಬ ಸುದ್ದಿ ಹರಡಿದ ಕೂಡಲೇ ಜನ ಮುಗಿಬೀಳುತ್ತಾರೆ. ಅಪಾಯ ಇರುವುದು ಇಲ್ಲೇ. ಕಾರ್ವಿ ಮತ್ತು ನೀಲಕುರಿಂಜಿ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತವೆ. ಹೂ ಉದುರಿದ ಮೇಲೆ ಕಾಯಿ ಬಲಿತು, ಒಣಗಿ, ಸಿಡಿದು ಬೀಜ ಚೆಲ್ಲಲು ತಿಂಗಳುಗಳೇ ಬೇಕು. ಅಷ್ಟರೊಳಗೆ ಕಿತ್ತರೆ ಅಥವಾ ತುಳಿದರೆ ಆ ಗಿಡಕ್ಕೆ ಎರಡನೇ ಅವಕಾಶವಿಲ್ಲ.

2022ರ ತಿದ್ದುಪಡಿಯ ಬಳಿಕ ನೀಲಕುರಿಂಜಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 3ನೇ ಅನುಸೂಚಿಯಲ್ಲಿದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕಾಸ್ ಕೂಡ ಒಂದು. ಹೂವಿನ ದಿನಗಳಲ್ಲಿ ಅಲ್ಲಿ ಪ್ರವಾಸಿಗರ ಸಂಖ್ಯೆಗೆ ಮಿತಿಯಿದೆ.

ಹಾಗಾಗಿ ಮುಂದಿನ ಸಲ ಹೂವಿನ ಜತೆ ಎಲೆ, ಕಾಂಡ, ಇಡೀ ಗಿಡದ ಫೋಟೊ ತೆಗೆಯಿರಿ. ದಾರಿ ಬಿಟ್ಟು ಇಳಿಯಬೇಡಿ. ಹೆಸರು ಖಚಿತವಾದ ಮೇಲೆ ಪೋಸ್ಟ್ ಮಾಡಿ.